ಬರೆ

ಜರಡಿಯ ಮೇಲೆ ಮೂರನೆಯ ದಿನದ ಕೆಸರು.
ಆಲ್ಮುಟ್ ಪೈಪು ಹಿಡಿದು ನಿಂತಿದ್ದಾಳೆ,
ರಬ್ಬರ್ ಬೂಟಿನೊಳಗೆ ಕಾಲ್ಬೆರಳು ಮರಗಟ್ಟಿ.
ಕರಡಿ ಹಲ್ಲು, ಕರಡಿ ಹಲ್ಲು, ಬಾವಲಿಯ ದವಡೆ,
ಮತ್ತೆ ಕರಡಿ. ಹಾರ್ಜ್ ಬೆಟ್ಟದ ಈ ಗವಿಯಲ್ಲಿ
ಚಳಿಗಾಲಕ್ಕೆಂದು ಮಲಗಿ
ಏಳದೇ ಹೋದವೇ ಹೆಚ್ಚು.

ಬೆರಳುದ್ದದ ಒಂದು ಎಲುಬು ಉರುಳಿ ಬಂತು.
ಬಕೆಟ್ಟಿಗೆ ಹಾಕಿದಳು.
ಅಷ್ಟೇ. ಆ ಗಳಿಗೆಗೆ ಯಾವ ಮಿಂಚೂ ಹೊಡೆಯಲಿಲ್ಲ.
(ಹೊಡೆಯಿತೆಂದು ಆಮೇಲೆ ಪತ್ರಿಕೆಯವರಿಗೆ ಹೇಳಿದಳು,
ಪಾಪ, ಅಷ್ಟು ದೂರದಿಂದ ಬಂದಿದ್ದರು.)

ಸಂಜೆ ಮೇಜಿನ ದೀಪ ಓರೆಯಾಗಿ ಬಿದ್ದಾಗ ಕಂಡದ್ದು:
ಗೆರೆ. ಪಕ್ಕದಲ್ಲಿ ಗೆರೆ. ಅವನ್ನು ಎದುರುಗೊಂಡು
ಮೂಲೆಯಾಗಿ ಕೂಡಿದ ಗೆರೆಗಳು,
ದಕ್ಷಿಣಕ್ಕೆ ಹೊರಟ ಬಾತುಗಳ ಸಾಲಿನ ಹಾಗೆ
ಒಂದರ ಹಿಂದೊಂದು.

ಹೆಗ್ಗೊಂಬಿನ ಜಿಂಕೆಯೊಂದರ ಗೊರಸಿನ ಮೇಲಣ ಮೂಳೆ.
ಅಲ್ಲಿ ಮಾಂಸವಿಲ್ಲ. ತೊಗಲು ಸುಲಿಯುವ ಕೈ
ಅಲ್ಲಿ ಇಷ್ಟು ಸಲ ತಪ್ಪುವುದಿಲ್ಲ,
ತಪ್ಪಿದರೂ ಇಷ್ಟು ಅಚ್ಚುಕಟ್ಟಾಗಿ ತಪ್ಪುವುದಿಲ್ಲ.
ಮೊದಲು ಬೇಯಿಸಿ ಮೆದು ಮಾಡಿದ್ದಾರೆ, ಆಮೇಲೆ
ಕಲ್ಲಲಗು ಹಿಡಿದು, ಹೋದ ದಾರಿಯಲ್ಲೇ ಮತ್ತೆ ಹೋಗಿ,
ಮತ್ತೆ ಹೋಗಿ, ಪ್ರತಿ ಗೆರೆಯನ್ನೂ ಆಳ ಮಾಡಿದ್ದಾರೆ.
ಅಗಲದ ಕಡೆ ಕೆಳಗಿಟ್ಟರೆ ಎಲುಬು ನೆಟ್ಟಗೆ ನಿಲ್ಲುತ್ತದೆ.
ನಿಲ್ಲಿಸಿದ್ದರೇ? ಯಾರೆದುರಿಗೆ?
ಸುತ್ತ ಕೂತವರು ಸುಮ್ಮನಾದರೇ, ನಕ್ಕರೇ,
ಮಗುವೊಂದು ಕೈಚಾಚಿ ಬೈಸಿಕೊಂಡಿತೇ?

ಐವತ್ತೊಂದು ಸಾವಿರ ವರ್ಷ.
ನಾವಿನ್ನೂ ಈ ಕಡೆ ಬಂದಿರಲಿಲ್ಲ ಎನ್ನುತ್ತಾರೆ.
ಕೊರೆದವರು ಅವರು:
ದಪ್ಪ ಹುಬ್ಬೆಲುಬಿನವರು, ಗದ್ದವಿಲ್ಲದವರು,
ನಾವು ಬೈಗುಳಕ್ಕೆ ಹೆಸರು ತೆಗೆದುಕೊಂಡವರು.

ಆಲ್ಮುಟ್‌ಗೆ ಕೋಣೆ ಬಾಡಿಗೆಗೆ ಕೊಟ್ಟ ಹಿನ್ನರ್ಕ್
ಗಣಿ ಮುಚ್ಚುವ ತನಕ ಅಲ್ಲಿ ಎಲೆಕ್ಟ್ರಿಷಿಯನ್.
ಊಟದ ಹೊತ್ತಿಗೆ ಫೋಟೋ ನೋಡಿ ಕೇಳಿದ:
"ಏನಂತ ಬರೆದಿದೆ?"
"ಏನೂ ಇಲ್ಲ. ಬರೆದಿದೆ ಅಂತ ಮಾತ್ರ ಬರೆದಿದೆ."
"ಹಾಗಾದರೆ ಕಂದಾಯದ ಕಾಗದ," ಎಂದ.

ನನ್ನ ನುಡಿಯಲ್ಲಿ ಬರೆ ಎಂದರೆ
ಕಾದ ಕಬ್ಬಿಣ ಚರ್ಮದ ಮೇಲೆ ಬಿಟ್ಟುಹೋದದ್ದು.
ಬರೆ ಎಂದರೆ, ಕೂತು ಬರೆ ಎಂದು ಮೇಷ್ಟರು ಗದರಿದ್ದೂ.
ಎರಡರ ನಡುವೆ ಎಲ್ಲೋ ಈ ಎಲುಬನ್ನು ಇಡಬೇಕು,
ಎಲ್ಲೆಂದು ಗೊತ್ತಿಲ್ಲ.

ಈ ಊರಿನವರಿಗೆ ಗವಿ ಹೊಸದಲ್ಲ.
ತಲೆಮಾರುಗಟ್ಟಲೆ ಅಗೆದು ಎಲುಬು ಮಾರಿದರು,
ಒಂಟಿಕೊಂಬಿನ ಕುದುರೆಯದು ಎಂದು ನಂಬಿ, ನಂಬಿಸಿ.
ಔಷಧದಂಗಡಿಯಲ್ಲಿ ತೂಗಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ:
ಜ್ವರಕ್ಕೆ ಒಂದು ಚಿಟಿಕೆ, ವಿಷಕ್ಕೆ ಎರಡು,
ಬಾಣಂತಿ ನಂಜಿಗೆ ಬಿಸಿ ಹಾಲಿನಲ್ಲಿ ಕದಡಿ.
ಹಿನ್ನರ್ಕನ ಮುತ್ತಜ್ಜಿಯ ಅಜ್ಜಿ ಕುಡಿದಳಂತೆ,
ಬದುಕಿದಳಂತೆ. ಅದಕ್ಕೇ ಇವನು ಇದ್ದಾನೆ.
ಅವಳ ಹೊಟ್ಟೆಗೆ ಇಳಿದದ್ದು ಬರೀ ಕರಡಿಯೋ,
ಇಂಥದೇ ಇನ್ನೊಂದೋ?
ಕ್ಷರವಿಲ್ಲದ್ದು ಅಕ್ಷರ ಎಂದು ಕಲಿತವನು ನಾನು.
ಕುಟ್ಟಾಣಿಗೆ ವ್ಯಾಕರಣ ಗೊತ್ತಿರಲಿಲ್ಲ.

ಸಂಶಯದವರೂ ಇದ್ದಾರೆ, ಇರಲಿ.
ಒಂದು ಎಲುಬಿನಿಂದ ಒಂದು ಮನಸ್ಸು ಕಟ್ಟಬೇಡಿ ಎನ್ನುತ್ತಾರೆ.
ನ್ಯಾಯವೇ. ಒಂದು ಹಳೆ ಚೀಟಿಯಿಂದ
ಒಂದು ಪ್ರೇಮ ಕಟ್ಟಿಕೊಂಡವರನ್ನು ನಾನು ಬಲ್ಲೆ.

ಹಿನ್ನರ್ಕ್ ರೊಟ್ಟಿ ತಂದ, ರೈ ಹಿಟ್ಟಿನ ದುಂಡು ರೊಟ್ಟಿ.
ಎದೆಗೊತ್ತಿ ಮಗುಚಿ, ತಳದ ಮೇಲೆ
ಚಾಕುವಿನ ಮೊನೆಯಿಂದ ಗೀರಿದ: ಅಡ್ಡ, ಉದ್ದ.
ಅಡ್ಡ, ಉದ್ದ. ಅಡ್ಡ, ಉದ್ದ.
ಮೂರು ಶಿಲುಬೆ. ಆಮೇಲೆ ಕೊಯ್ಯತೊಡಗಿದ.
ಇವನು ಚರ್ಚಿಗೆ ಹೋದದ್ದನ್ನು
ಆಲ್ಮುಟ್ ಒಂದು ದಿನವೂ ಕಂಡಿಲ್ಲ.

"ಅದ್ಯಾಕೆ?"
"ಯಾವುದು?"
"ಈಗ ಗೀರಿದಿರಲ್ಲ."
ಅವನು ರೊಟ್ಟಿ ನೋಡಿದ, ಚಾಕು ನೋಡಿದ.
"ಅಮ್ಮ ಗೀರುತ್ತಿದ್ದಳು."
"ಅಮ್ಮ ಯಾಕೆ?"
ಅವನು ಎದ್ದು ಬೆಣ್ಣೆ ಹುಡುಕಲು ಹೋದ.

ಅರ್ಧ ಶಿಲುಬೆ ಉಳಿದಿದ್ದ ತುಂಡು
ಆಲ್ಮುಟ್ ತಟ್ಟೆಗೆ ಬಂತು.
ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದಳು
ತುಸು ಹೊತ್ತು.
ಹಸಿವಾಗಿತ್ತು.
ಉಪ್ಪು ಉದುರಿಸಿ ತಿಂದಳು.